ಒಂಬತ್ತು ಸೆಕೆಂಡು

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಕೈ ಒರೆಸಿಕೊಳ್ಳುತ್ತ, "ನಿನ್ನೆ ಮಧ್ಯಾಹ್ನ ಬಟ್ಟೆ ಒಣಗಹಾಕೋಣ ಅಂತ ಮೇಲೆ ಹೋಗಿದ್ದೆ ನೋಡಿ, ಆಗ ಫೋನ್ ಬಂತು, ನಿಮ್ಮಕ್ಕಂದು" ಎಂದು ಶುರುಮಾಡಿದಾಗ ಅವನು ಬಗ್ಗಿ ಷೂ ಲೇಸು ಕಟ್ಟಿಕೊಳ್ಳುತ್ತಿದ್ದ. ತಲೆ ಎತ್ತದೆಯೇ, "ಚೆನ್ನಾಗಿದಾಳಂತಾ?" ಎಂದ. ಅವಳು ಒರೆಸಿದ ಕೈಯನ್ನೇ ಇನ್ನೊಮ್ಮೆ ಒರೆಸಿಕೊಂಡಳು. ಆಮೇಲೆ "ಹ್ಞೂಂ, ಚೆನ್ನಾಗಿದಾರಂತೆ" ಎಂದು ಒಳಗೆ ಹೋದಳು. ಲೇಸಿನ ಗಂಟು ಬಿಗಿದದ್ದು ಅಲ್ಲೇ ಸಡಿಲವಾಯಿತು. ಬಟ್ಟೆ ಒಣಗಹಾಕಿದ ವಿಷಯವನ್ನು ದಾಟಿ ಆಚೆ ಏನೋ ಇತ್ತು, ಅದು ಬಾಗಿಲವರೆಗೆ ಬಂದು ಹಿಂದಕ್ಕೆ ಹೋಯಿತು ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಕರೆದು ಕೇಳಬಹುದಿತ್ತು. ಅಡುಗೆಮನೆ ಎಂಟು ಹೆಜ್ಜೆ ದೂರ. ಆದರೆ ಹೊತ್ತಾಗಿತ್ತು, ಇವತ್ತು ಅವನಿಗೆ ಬೇರೊಂದು ಚಿಂತೆಯಿತ್ತು, ಮತ್ತು ನಿಜ ಹೇಳಬೇಕೆಂದರೆ, ಇಪ್ಪತ್ತೆರಡು ವರ್ಷಗಳಲ್ಲಿ ಅವನು ಹೆಂಡತಿಯನ್ನು ಹಿಂದಕ್ಕೆ ಕರೆದು ಮಾತು ಕೇಳಿದ್ದು ಕಡಿಮೆ. ಇನ್ನೊಂದು ಲೇಸನ್ನೂ ಬಿಗಿದು ಹೊರಟ.

ಮಾತನ್ನು ಮೊಟಕು ಮಾಡುವುದೇ ಅವನ ಕಸುಬು. ವೈರ್‌ಲೆಸ್ ಪೆಟ್ಟಿಗೆಗಳನ್ನು ಮಾಡುವ ಕಚೇರಿಯಲ್ಲಿ ಸಿಗ್ನಲ್ ವಿಭಾಗಕ್ಕೆ ಅವನೇ ಹಿರಿಯ. ಗಾಳಿ ಎಲ್ಲರದೂ ಆದರೂ ಅದರಲ್ಲಿ ಮಾತು ಕಳಿಸುವ ದಾರಿ ಎಲ್ಲರದಲ್ಲ. ಸರ್ಕಾರ ಅಳೆದು ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಕೊಡುತ್ತದೆ. ಅಗಲವಾದದ್ದು ದೊಡ್ಡವರಿಗೆ, ಓಣಿಯಂಥದ್ದು ಉಳಿದವರಿಗೆ. ಆ ಓಣಿಯಲ್ಲಿ ಒಬ್ಬರ ಭುಜ ಇನ್ನೊಬ್ಬರಿಗೆ ತಾಗದಂತೆ ಎಷ್ಟು ಸಂದೇಶಗಳನ್ನು ಓಡಿಸಬಹುದು ಎಂದು ಲೆಕ್ಕ ಹಾಕುವುದರಲ್ಲಿ ಅವನನ್ನು ಮೀರಿಸಿದವರು ಇರಲಿಲ್ಲ. ದಿನಾ ಹೇಳುವ ಮಾತಿಗೆ ಚಿಕ್ಕ ಗುರುತು, ಅಪರೂಪಕ್ಕೆ ಹೇಳುವ ಮಾತಿಗೆ ಉದ್ದ ಗುರುತು: ಇಷ್ಟೇ ಅದರ ಗುಟ್ಟು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದ. ಕಚೇರಿಯಲ್ಲಿ ಅವನಿಗೆ 'ಚುಟುಕು ಸಾಹೇಬರು' ಎಂಬ ಹೆಸರು ಬಿದ್ದದ್ದು ಹಾಗೆ. ಬೆನ್ನ ಹಿಂದೆ ಇಟ್ಟ ಹೆಸರು ಒಂದು ದಿನ ಕಿವಿಗೂ ಬಿತ್ತು, ಬಿದ್ದಾಗ ಖುಷಿಯೇ ಆಯಿತು. ಹೆಣ್ಣು ನೋಡಲು ಹೋದಾಗ ಮಾವನವರು ಕೇಳಿದ ಹನ್ನೊಂದು ಪ್ರಶ್ನೆಗೆ ಹನ್ನೊಂದೇ ಪದದಲ್ಲಿ ಉತ್ತರ ಕೊಟ್ಟು ಬಂದಿದ್ದ ಎಂದು ಭಾಮೈದ ಈಗಲೂ ಊಟದ ಹೊತ್ತಿನಲ್ಲಿ ಹೇಳಿ ನಗಿಸುತ್ತಾನೆ. ಎಲ್ಲರೂ ನಗುತ್ತಾರೆ. ಹೆಂಡತಿಯೂ ನಗುತ್ತಾಳೆ, ಸ್ವಲ್ಪ ತಡವಾಗಿ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತೊಡೆಯ ಮೇಲೆ ಬ್ಯಾಗು, ಬ್ಯಾಗಿನೊಳಗೆ ಒಂದು ಫೈಲು, ಫೈಲಿನೊಳಗೆ ಒಂದು ಹಾಳೆ, ಆ ಹಾಳೆಯಲ್ಲಿ ಒಂದೇ ಸಾಲು: 'ಸದರಿ ದಿನ ಮೂವತ್ತೊಂದನೇ ಪೆಟ್ಟಿಗೆಯಿಂದ ಯಾವುದೇ ಅಪಾಯ ಸಂದೇಶ ಬಂದಿರುವುದಿಲ್ಲ.' ಕೆಳಗೆ ಅವನ ಸಹಿಗೆ ಜಾಗ. ಹನ್ನೊಂದು ಗಂಟೆಗೆ ವಿಚಾರಣೆ. ಇವನು ಸಹಿ ಹಾಕಿದರೆ ಮುಗಿಯಿತು. ಮೂವತ್ತೊಂದನೇ ಪೆಟ್ಟಿಗೆ ಹೊತ್ತಿದ್ದ ಗ್ಯಾಂಗ್‌ಮನ್ ಸುಳ್ಳುಗಾರ ಎಂದು ತೀರ್ಮಾನವಾಗುತ್ತದೆ. ಆ ಗ್ಯಾಂಗ್‌ಮನ್ ಕಣಿವೆಯ ರೈಲು ಹಳಿ ಕಾಯುತ್ತ ಅದರ ಮೇಲೆ ಹತ್ತೊಂಬತ್ತು ವರ್ಷ ನಡೆದವನು. ಆರು ವಾರದ ಹಿಂದೆ ದಟ್ಟ ಮಂಜಿನ ಒಂದು ಬೆಳಗ್ಗೆ ಹಳಿ ಪಕ್ಕದ ಏರಿ ಕುಸಿದು ಕೆಳಗೆ ಬಿದ್ದ, ಕಾಲಿನ ಮೇಲೆ ಬಂಡೆ ಬಂತು, ಏಳು ಗಂಟೆ ಹೊತ್ತು ಅಲ್ಲೇ ಬಿದ್ದಿದ್ದ. ಬೇರೆ ತಂಡದವರು ಆ ದಾರಿಯಲ್ಲಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮಂಡಿಯ ಕೆಳಗೆ ಕಾಲು ಉಳಿಯಲಿಲ್ಲ. 'ನಾನು ಗುಂಡಿ ಒತ್ತಿದೆ, ಒತ್ತುತ್ತಲೇ ಇದ್ದೆ' ಎಂದು ಅವನು ಆಸ್ಪತ್ರೆಯಲ್ಲಿ ಬರೆಸಿದ. ಕಂಟ್ರೋಲ್ ರೂಮಿನ ದಾಖಲೆ ತೆಗೆದು ನೋಡಿದರೆ ಆ ಏಳು ಗಂಟೆಯೂ ಅವನ ಪೆಟ್ಟಿಗೆಯಿಂದ ನಿಮಿಷಕ್ಕೊಂದರಂತೆ 'ಎಲ್ಲ ಸರಿ' ಬಂದಿತ್ತು. ಕಾಲಿನ ಮೇಲೆ ಬಂಡೆ ಹೊತ್ತು ಮಲಗಿದವನು ನಾಲ್ಕು ನೂರಕ್ಕೂ ಹೆಚ್ಚು ಸಲ ಎಲ್ಲ ಸರಿ ಎಂದಿದ್ದ.

ಅಂದದ್ದು ಅವನಲ್ಲ, ಪೆಟ್ಟಿಗೆ. ಆ ಪೆಟ್ಟಿಗೆ ಮಾಡಿದವನು ಇವನು. ನಲವತ್ತು ಗ್ಯಾಂಗ್‌ಮನ್‌ಗಳಿಗೆ ನಲವತ್ತು ಪೆಟ್ಟಿಗೆ, ಎಲ್ಲಕ್ಕೂ ಸೇರಿ ಒಂದೇ ಓಣಿ. ಕೈಯಲ್ಲಿ ಸುತ್ತಿಗೆ, ಸ್ಪ್ಯಾನರ್ ಹಿಡಿದವರು ಪದೇಪದೇ ಗುಂಡಿ ಒತ್ತುವುದು ಬೇಡವೆಂದು, ಬೇರೇನೂ ಹೇಳದಿದ್ದರೆ ಪೆಟ್ಟಿಗೆ ತಾನಾಗಿಯೇ 'ಎಲ್ಲ ಸರಿ' ಎನ್ನುವಂತೆ ಮಾಡಿದ್ದ. ಬಿಸಿಲಿನ ದಿನ ಕಾಲು ಗಂಟೆಗೊಮ್ಮೆ, ಮಂಜಿದ್ದರೆ ನಿಮಿಷಕ್ಕೊಮ್ಮೆ. 'ಎಲ್ಲ ಸರಿ'ಗೆ ಇವನು ಕೊಟ್ಟ ಗುರುತು ಕಣ್ಣು ಮಿಟುಕಿಸುವಷ್ಟು ಚಿಕ್ಕದು. 'ಏಟಾಗಿದೆ, ಬನ್ನಿ' ಎಂಬುದಕ್ಕೆ ಒಂಬತ್ತು ಸೆಕೆಂಡು. ಅದು ವರ್ಷಕ್ಕೊಮ್ಮೆ ಬರುವ ಮಾತು, ಉದ್ದವಿದ್ದರೆ ನಷ್ಟವಿಲ್ಲ. ಮೇಲಾಗಿ ತಪ್ಪಿಲ್ಲದೆ ತಲುಪಬೇಕಾದ ಮಾತು ಎಂದು ಪೆಟ್ಟಿಗೆ ಸಂಖ್ಯೆ, ಮೈಲಿಗಲ್ಲಿನ ಸಂಖ್ಯೆ, ಎಲ್ಲವನ್ನೂ ಅದರೊಳಗೆ ಮೂರು ಮೂರು ಸಲ ತುಂಬಿದ್ದ. ಅಕ್ಕರೆಯಿಂದಲೇ ತುಂಬಿದ್ದ. ಪರೀಕ್ಷೆಗಳೆಲ್ಲ ಬಿಸಿಲಿನ ದಿನ ನಡೆದವು, ಎಲ್ಲ ಸಲೀಸಾಗಿ ಹೋದವು. ಮಂಜಿನ ದಿನ ನಲವತ್ತು ಪೆಟ್ಟಿಗೆ ನಿಮಿಷಕ್ಕೊಮ್ಮೆ ಬಾಯಿ ಬಿಟ್ಟರೆ ಒಂದೂವರೆ ಸೆಕೆಂಡಿಗೊಂದು 'ಎಲ್ಲ ಸರಿ' ಆಗುತ್ತದೆ, ಒಂಬತ್ತು ಸೆಕೆಂಡಿನ ಮಾತು ಅದರ ನಡುವೆ ತುಳಿಸಿಕೊಳ್ಳದೆ ದಾಟುವುದಿಲ್ಲ ಎಂಬುದು ಶಾಲೆಯ ಮಗು ಮಾಡುವ ಭಾಗಾಕಾರ. ಇವನು ಅದನ್ನು ಮಾಡಿರಲಿಲ್ಲ. ದಿನಗಳ ಸರಾಸರಿ ತೆಗೆದಿದ್ದ. ಜನ ಜಾರಿ ಬೀಳುವುದು ಮಂಜಿನ ದಿನ ಎಂದು ಸರಾಸರಿ ಹೇಳಿರಲಿಲ್ಲ.

ಪರೀಕ್ಷಾ ವಿಭಾಗದ ಹೆಂಗಸು ಕೇಳಿದ್ದಳು. ಎರಡು ವರ್ಷದ ಹಿಂದೆ, ಇದೇ ಕಚೇರಿಯ ಉದ್ದ ಮೇಜಿನ ಸುತ್ತ ಹನ್ನೆರಡು ಜನ ಕೂತಿದ್ದಾಗ, ಪೆನ್ನಿನ ತುದಿ ಕಚ್ಚುತ್ತ, "ತೊಂದರೇಲಿ ಇರೋನಿಗೆ ಯಾಕೆ ಸಾರ್ ಅಷ್ಟು ಉದ್ದದ್ದು? ಅವನಿಗೇ ಅಲ್ವಾ ಚಿಕ್ಕದು ಬೇಕಾಗಿರೋದು?" ಎಂದಿದ್ದಳು. ಇವನು ಕಾಗದದಿಂದ ಕಣ್ಣು ತೆಗೆಯದೆ, "ತೊಂದರೆ ದಿನಾ ಬರತ್ತೇನಮ್ಮಾ?" ಎಂದ. ಹನ್ನೊಂದು ಜನ ನಕ್ಕರು. ಅವಳ ಕೆನ್ನೆಯ ಬಣ್ಣ ಇಳಿದದ್ದನ್ನು ಅವನು ಓರೆಗಣ್ಣಿನಲ್ಲಿ ಕಂಡಿದ್ದ, ಕಂಡು ಒಳಗೇ ಸಣ್ಣ ಸಂತೋಷವನ್ನೂ ಪಟ್ಟಿದ್ದ. ಬಸ್ಸು ಬ್ರೇಕು ಹಾಕಿ ಮುಂದಿನ ಸೀಟಿನ ಕಂಬಿ ಹಣೆಗೆ ತಗುಲಿತು. ಪಕ್ಕದಲ್ಲಿದ್ದ ಮುದುಕ, "ಪೆಟ್ಟಾಯ್ತಾ?" ಎಂದ. ಇವನು "ಇಲ್ಲ ಇಲ್ಲ" ಎಂದ. ಪೆಟ್ಟಾಗಿತ್ತು.

ಹಣೆ ಉಜ್ಜಿಕೊಳ್ಳುವಾಗ ಅಕ್ಕ ನೆನಪಾದಳು. ಚಿಕ್ಕಂದಿನಲ್ಲಿ ಏಟಾದರೆ ಸೆರಗನ್ನು ಉಂಡೆ ಮಾಡಿ ಬಾಯಿಂದ ಬಿಸಿ ಗಾಳಿ ಊದಿ ಅದನ್ನು ಹಣೆಗೆ ಒತ್ತುತ್ತಿದ್ದಳು. ತಾಯಿಯಿಲ್ಲದ ಮನೆಯಲ್ಲಿ ಅವನಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು, ಅವಳೇ ತಲೆ ಬಾಚಿದವಳು, ಅವಳೇ ಹೊಡೆದವಳು. ಅವಳಿಗೆ ಯಾವ ಮಾತನ್ನೂ ನೆಟ್ಟಗೆ ಹೇಳಲು ಬರುವುದಿಲ್ಲ. ಸಕ್ಕರೆ ಮುಗಿದಿದೆ ಎನ್ನಲು ಮೊನ್ನೆ ಬಂದ ಅತಿಥಿಗಳಿಂದ ಶುರುಮಾಡುತ್ತಾಳೆ. ಹೋದ ವರ್ಷ ಒಂದು ಮಧ್ಯಾಹ್ನ ಕಚೇರಿಗೇ ಫೋನ್ ಮಾಡಿ, ಪಕ್ಕದ ಮನೆಯವಳ ಜೊತೆ ಪೇಟೆಗೆ ಹೋದದ್ದು, ಅಲ್ಲಿ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದ್ದು, ಯಾರೋ ಪುಣ್ಯಾತ್ಮರು ನೀರು ಕೊಟ್ಟದ್ದು ಎಂದು ಎಳೆಯುತ್ತಿದ್ದಾಗ ಅವನು ಫೋನನ್ನು ಮೇಜಿನ ಮೇಲೆ ಮಲಗಿಸಿ, ತನ್ನ ನಕ್ಷೆ ನೋಡುತ್ತ, ಆಗಾಗ ಬಗ್ಗಿ "ಹ್ಞೂಂ" ಎನ್ನುತ್ತಿದ್ದ. ಲೆಕ್ಕವಿಟ್ಟು ಅನ್ನುತ್ತಿದ್ದ, ತೀರ ತಡವಾದರೆ ಅವಳಿಗೆ ಅನುಮಾನ ಬರುತ್ತದೆ. ಒಂದು ಸಲ ಬಗ್ಗಿ "ಹ್ಞೂಂ" ಎಂದಾಗ ಅತ್ತ ಕಡೆ ಯಾರೂ ಇರಲಿಲ್ಲ. ಯಾವಾಗ ಇಟ್ಟಳೋ. ಆಮೇಲೆ ಅವಳು ಅವನಿಗೆ ಫೋನ್ ಮಾಡಲಿಲ್ಲ. ತಿಂಗಳಿಗೊಮ್ಮೆ 'ಕ್ಷೇಮ' ಎಂದು ಒಂದು ಪದದ ಮೆಸೇಜು ಬರುತ್ತದೆ, ಇವನೂ 'ಕ್ಷೇಮ' ಎಂದು ಕಳಿಸುತ್ತಾನೆ. ಈಗ ನಿನ್ನೆ ಹೆಂಡತಿಗೆ ಮಾಡಿದ್ದಾಳೆ, ಹಗಲು ಹೊತ್ತಿನಲ್ಲಿ, ಅವನು ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು. ಇಳಿಯುವ ಜಾಗ ದಾಟಿ ಬಸ್ಸು ಮುಂದೆ ಹೋಗಿತ್ತು. ಒಂದು ಸ್ಟಾಪು ಹಿಂದಕ್ಕೆ ನಡೆದ.

ಕಚೇರಿಯಲ್ಲಿ ನಿರ್ದೇಶಕರು ಮೆಟ್ಟಿಲ ಬುಡದಲ್ಲೇ ಸಿಕ್ಕಿ ಬೆನ್ನು ತಟ್ಟಿದರು. ಒಂದೇ ಸಾಲು ಸಾಕಂತೆ, ಇವನ ಹತ್ತಿರ ಬರೆಸಿದರೆ ಅದೊಂದು ಅನುಕೂಲ ಎಂದು ನಕ್ಕರು. ಇವನೂ ನಕ್ಕ. ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಮೇಜಿನ ಕೆಳಗಿನ ಖಾನೆ ಎಳೆದ. ಅಲ್ಲಿ ಎರಡು ದಿನದಿಂದ ಮಡಚಿಟ್ಟ ಹಾಳೆಗಳಿದ್ದವು. ತಲುಪಿದ ಸಂದೇಶ ಪೂರ್ತಿಯಾಗಿಲ್ಲದಿದ್ದರೆ ಕಂಟ್ರೋಲ್ ರೂಮಿನ ಯಂತ್ರ ಅದನ್ನು ಗದ್ದಲವೆಂದು ಒಂದು ಕಡೆ ಎಸೆಯುತ್ತದೆ, ಅದಕ್ಕೆ ಇವರಲ್ಲಿ ಕಸದ ಬುಟ್ಟಿ ಎನ್ನುತ್ತಾರೆ. ಅರ್ಧ ಕೇಳಿದ ಮಾತು ಕೇಳದ ಮಾತಿಗಿಂತ ಕೆಟ್ಟದ್ದು ಎಂದು ಆ ನಿಯಮ ಮಾಡಿದವನೂ ಇವನೇ. ಕಸವನ್ನು ಯಾರೂ ಓದುವುದಿಲ್ಲ, ಓದಲು ಇವನೊಬ್ಬನಿಗೆ ಮಾತ್ರ ಬರುತ್ತದೆ. ಮೊನ್ನೆ, ಸಹಿ ಹಾಕುವ ಮುನ್ನ ಸುಮ್ಮನೆ ನೋಡೋಣ ಎಂದು ಆ ದಿನದ ಕಸ ತೆಗೆಸಿದ. ಹದಿನಾಲ್ಕು ತುಂಡುಗಳು ಸಿಕ್ಕವು. ಎಲ್ಲದರ ಶುರು ಒಂದೇ. ಒಂದು ಎರಡನೇ ಸೆಕೆಂಡಿನಲ್ಲಿ ಮುರಿದಿತ್ತು, ಒಂದು ಆರನೆಯದರಲ್ಲಿ. ಒಂದರ ಮೇಲೊಂದು ಹಾಳೆ ಇಟ್ಟು ಬೆಳಕಿಗೆ ಹಿಡಿದರೆ ಒಂದರಲ್ಲಿ ಹರಿದದ್ದು ಇನ್ನೊಂದರಲ್ಲಿ ಇತ್ತು: ಮೂವತ್ತೊಂದನೇ ಪೆಟ್ಟಿಗೆ, ಮೈಲಿಗಲ್ಲು ಎಂಬತ್ತಾರು, ಏಟಾಗಿದೆ, ಬನ್ನಿ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಐದು ಗಂಟೆ ಅಂತರ. ಮೊದಮೊದಲು ಒಂದರ ಹಿಂದೊಂದು, ಆಮೇಲೆ ಅರ್ಧ ಗಂಟೆಗೊಂದು, ಕೊನೆಯ ಎರಡರ ನಡುವೆ ಒಂದೂಮುಕ್ಕಾಲು ಗಂಟೆ. ಮಧ್ಯದ ಹೊತ್ತನ್ನೆಲ್ಲ ಪೆಟ್ಟಿಗೆ 'ಎಲ್ಲ ಸರಿ'ಯಿಂದ ತುಂಬಿತ್ತು. ಅವತ್ತು ಇವನು ಹಾಳೆಗಳನ್ನು ಮಡಚಿ ಖಾನೆಗೆ ಹಾಕಿದ. ನಾಳೆ ಹೇಳಿದರಾಯಿತು ಎಂದುಕೊಂಡ. ನಿನ್ನೆಯೂ ಹಾಗೇ ಅಂದುಕೊಂಡಿದ್ದ. ನುಂಗಲೂ ಆಗದೆ ಉಗುಳಲೂ ಆಗದೆ ಎರಡು ದಿನ ಆ ಖಾನೆಯ ಕೀಲಿಕೈ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಈ ಹಾಳೆಗಳನ್ನು ಹರಿದು ಹಾಕಿದರೆ ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಇನ್ನು ಮೂರು ದಿನಕ್ಕೆ ಯಂತ್ರ ಹಳೆಯ ಕಸವನ್ನು ತಾನಾಗಿಯೇ ಅಳಿಸಿಬಿಡುತ್ತದೆ ಎಂಬ ಯೋಚನೆ ಬಂದಿತ್ತು. ಬಂದಿತ್ತೇನು, ಕೂತು ಊಟ ಮಾಡಿ ಹೋಗಿತ್ತು. ಈಗ ಹಾಳೆಗಳನ್ನು ಎತ್ತಿ, ಏನು ಮಾಡುತ್ತೇನೆಂದು ತನಗೇ ತಿಳಿಯದೆ ಬ್ಯಾಗಿಗೆ ಹಾಕಿಕೊಂಡ.

ಉದ್ದ ಮೇಜಿನ ಕೋಣೆಯಲ್ಲಿ ಐದು ಜನ. ನಿರ್ದೇಶಕರು, ರೈಲಿನ ಕಡೆಯ ವಿಚಾರಣಾಧಿಕಾರಿ, ಬರೆದುಕೊಳ್ಳುವ ಗುಮಾಸ್ತ, ಪರೀಕ್ಷಾ ವಿಭಾಗದ ಹೆಂಗಸು, ಇವನು. ಗ್ಯಾಂಗ್‌ಮನ್ ಆಮೇಲೆ ಬಂದ. ಇವನು ಅಂದುಕೊಂಡಿದ್ದಕ್ಕಿಂತ ಕುಳ್ಳ. ಇಸ್ತ್ರಿ ಮಾಡಿದ ಅಂಗಿ, ಎರಡೂ ಕಂಕುಳಲ್ಲಿ ಊರುಗೋಲು. ಅವನಿಗೆ ಊರುಗೋಲು ಎಲ್ಲಿಡಬೇಕೆಂದು ತಿಳಿಯಲಿಲ್ಲ; ಗೋಡೆಗೆ ಒರಗಿಸಿದರೆ ಜಾರಿತು, ಮೇಜಿಗೆ ಒರಗಿಸಲು ಸಂಕೋಚ. ಕೊನೆಗೆ ನೆಲದ ಮೇಲೆ ಮಲಗಿಸಿ, ಯಾರಾದರೂ ಎಡವಿಯಾರೆಂದು ಒಳ್ಳೆಯ ಕಾಲಿನಿಂದ ಕುರ್ಚಿಯ ಕೆಳಕ್ಕೆ ತಳ್ಳಿಕೊಂಡ. ವಿಚಾರಣಾಧಿಕಾರಿ ಕೆಟ್ಟವರೇನಲ್ಲ, ಮೆತ್ತಗೆ ಕೇಳಿದರು. ನೋವಿನಲ್ಲಿ ಮನುಷ್ಯನಿಗೆ ಏನೇನೋ ಅನ್ನಿಸುತ್ತದೆ, ಒತ್ತಬೇಕು ಅಂದುಕೊಂಡದ್ದನ್ನೇ ಒತ್ತಿದೆ ಎಂದು ನಂಬಿರಬಹುದಲ್ಲವೇ ಎಂದರು. ಗ್ಯಾಂಗ್‌ಮನ್ ಮೇಜಿನ ಅಂಚನ್ನು ನೋಡುತ್ತ, ಆಗಿರಬಹುದು ಸಾರ್ ಎಂದ. ಅವನು ಎದುರು ಮಾತಾಡುತ್ತಾನೆ, ಕೂಗಾಡುತ್ತಾನೆ, ಆಗ ತನಗೂ ಒಂದು ದಾರಿ ಸಿಗುತ್ತದೆ ಎಂದು ಇವನು ಕಾದಿದ್ದ. ಆಗಿರಬಹುದು ಎಂದುಬಿಟ್ಟ. ನಿರ್ದೇಶಕರು ಒಂದೇ ಸಾಲಿನ ಹಾಳೆಯನ್ನು ಇವನ ಮುಂದೆ ಸರಿಸಿ ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಮೇಜಿನ ಆ ತುದಿಯಿಂದ ಪರೀಕ್ಷಾ ವಿಭಾಗದ ಹೆಂಗಸು ಇವನನ್ನು ನೋಡಿದಳು. ಅವಳಿಗೆ ಏನೂ ಗೊತ್ತಿಲ್ಲ, ಆದರೂ ನೋಡಿದಳು, ಎರಡು ವರ್ಷದ ಹಿಂದೆ ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬರಬೇಕು ಎನ್ನುವ ಹಾಗೆ.

"ಸಂದೇಶ ಬಂದಿತ್ತು" ಎಂದ.

ಹೊರಬಿದ್ದ ಮೇಲೆ ಆ ಮಾತು ತೀರ ಚಿಕ್ಕದಾಯಿತು ಅನ್ನಿಸಿತು. ಯಾರಿಗೂ ಅದು ಅರ್ಥವಾದಂತೆ ಕಾಣಲಿಲ್ಲ. ನಿರ್ದೇಶಕರು 'ಎಲ್ಲ ಸರಿ' ಬಂದಿತ್ತು ಅಂತ ಹೇಳ್ತಿದಾರೆ ಎಂದು ತಿದ್ದಲು ಹೋದರು. ಇವನು ಬ್ಯಾಗಿನಿಂದ ಮಡಚಿದ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಹರವಿದ. ಒಂದು ಹಾಳೆ ಜಾರಿ ಕೆಳಗೆ ಬಿತ್ತು, ಗ್ಯಾಂಗ್‌ಮನ್ ಬಗ್ಗಿ ಎತ್ತಿಕೊಡಲು ಹೋದ, ಆಗಲಿಲ್ಲ, ಆ ಹೆಂಗಸು ಎದ್ದು ಬಂದು ಎತ್ತಿಕೊಟ್ಟಳು. ಇವನು ಹೇಳುತ್ತ ಹೋದ. ಉದ್ದ ಗುರುತು ಯಾಕೆ ಇಟ್ಟದ್ದು, ಚಿಕ್ಕ ಗುರುತು ಯಾಕೆ, ಮಂಜಿನ ದಿನ ಏನಾಗುತ್ತದೆ, ಪೆಟ್ಟಿಗೆಗೆ ತಾನಾಗಿಯೇ ಸುಳ್ಳು ಹೇಳುವುದನ್ನು ಕಲಿಸಿದವರು ಯಾರು, ಅರ್ಧ ಬಂದದ್ದನ್ನು ಕಸವೆಂದವರು ಯಾರು, ಈ ಅಮ್ಮ ಕೇಳಿದಾಗ ನಕ್ಕವರು ಯಾರು. ಎಲ್ಲಕ್ಕೂ ಉತ್ತರ ಒಂದೇ ಆದದ್ದರಿಂದ ಪ್ರತಿ ಸಲವೂ 'ನಾನು' ಎನ್ನಬೇಕಾಯಿತು. ಆಮೇಲೆ ಒಂದೊಂದರ ಹೊತ್ತನ್ನೂ ಓದಿದ: ಆರು ಗಂಟೆ ಹತ್ತು ನಿಮಿಷಕ್ಕೆ ಒಂದು, ಆರು ಹನ್ನೊಂದಕ್ಕೆ ಒಂದು, ಆರು ಹದಿಮೂರಕ್ಕೆ ಒಂದು. ಗುಮಾಸ್ತನ ಪೆನ್ನು ಓಡುತ್ತಿತ್ತು, ಒಂದು ಹಂತದಲ್ಲಿ ಅದೂ ನಿಂತಿತು. ನಿರ್ದೇಶಕರ ಮುಖ ಇಷ್ಟಿಷ್ಟೇ ಕಪ್ಪಿಟ್ಟಿತು. ನಾಳೆಯಿಂದ ಈ ಮೆಟ್ಟಿಲು ಹತ್ತುವುದು ಹೇಗಿರುತ್ತದೆಂದು ಆ ಮುಖದಲ್ಲೇ ಬರೆದಿತ್ತು. "ಒಟ್ಟು ಹದಿನಾಲ್ಕು ಸಲ" ಎಂದು ಮುಗಿಸಿದ.

"ಹದಿನೇಳು ಸಾರ್" ಎಂದ ಗ್ಯಾಂಗ್‌ಮನ್.

ಎಲ್ಲರೂ ಅವನ ಕಡೆ ತಿರುಗಿದರು. ಅವನು ತಪ್ಪಾಯಿತೇನೋ ಎಂಬಂತೆ ತಗ್ಗಿದ ದನಿಯಲ್ಲಿ, ಎಣಿಸುತ್ತಿದ್ದೆ, ಎಚ್ಚರ ತಪ್ಪದಿರಲಿ ಅಂತ ಎಣಿಸುತ್ತಿದ್ದೆ ಎಂದ. ವಿಚಾರಣಾಧಿಕಾರಿ ಆ ಮೂರಕ್ಕೆ ಏನಾದರೂ ದಾಖಲೆ ಇದೆಯೇ ಎಂದು ಇವನನ್ನು ಕೇಳಿದರು. ಇರಲಿಲ್ಲ. ಆ ಮೂರು ಕಸವಾಗಿಯೂ ಬಂದಿರಲಿಲ್ಲ, ಕಣಿವೆಯ ಮಂಜಿನಲ್ಲೇ ಕರಗಿಹೋಗಿದ್ದವು. ಇಷ್ಟು ವರ್ಷದ ಕೆಲಸದಲ್ಲಿ ಇವನು ದಾಖಲೆಯಿಲ್ಲದ ಒಂದು ಅಂಕಿಯನ್ನೂ ಬರೆದವನಲ್ಲ. ಪೆನ್ನು ತೆಗೆದುಕೊಂಡು, ಹಾಳೆಯ ಆ ಒಂದು ಸಾಲನ್ನು ಅಡ್ಡಗೀಟು ಎಳೆದು ಹೊಡೆದು, ಕೆಳಗೆ 'ಹದಿನೇಳು ಬಾರಿ' ಎಂದು ಅಕ್ಷರದಲ್ಲಿ ಬರೆದು ಸಹಿ ಹಾಕಿದ. ಸಹಿ ವಕ್ರವಾಗಿ ಬಂತು.

ಹೊರಗೆ ಹಜಾರದ ಬೆಂಚಿನ ಮೇಲೆ ಗ್ಯಾಂಗ್‌ಮನ್ ಒಬ್ಬನೇ ಕೂತಿದ್ದ. ವಾಪಸು ಕರೆದೊಯ್ಯುವ ಗಾಡಿ ಇನ್ನೂ ಬಂದಿರಲಿಲ್ಲ. ಇವನು ದಾಟಿ ಹೋಗಬಹುದಿತ್ತು, ಹೋಗಲಾರದೆ ಬೆಂಚಿನ ಇನ್ನೊಂದು ತುದಿಗೆ ಕೂತ. ಇಬ್ಬರೂ ಎದುರಿನ ಗೋಡೆಯ ಮೇಲಿದ್ದ ನೋಟಿಸು ಬೋರ್ಡನ್ನು ನೋಡಿದರು. ಕೃತಜ್ಞತೆಯ ಒಂದು ಮಾತು ಬಂದರೆ ಹೇಗೆ ತಪ್ಪಿಸಿಕೊಳ್ಳಲಿ ಎಂದು ಇವನು ಒಳಗೊಳಗೇ ಸಿದ್ಧವಾಗುತ್ತಿದ್ದ, ಅಂಥ ಮಾತು ಬರಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು ಸಾರ್?" ಎಂದ ಗ್ಯಾಂಗ್‌ಮನ್.

ಇವತ್ತು ಬೆಳಗ್ಗೆ ಎನ್ನಬಹುದಿತ್ತು. "ಮೊನ್ನೆ" ಎಂದ.

"ಮೊನ್ನೆ." ಅವನು ಊರುಗೋಲಿನ ರಬ್ಬರನ್ನು ಉಗುರಿನಿಂದ ಕೆರೆದ. "ನಿನ್ನೆ ನನ್ನ ಮಗಳು ಕೇಳಿದ್ಲು. ಅಪ್ಪಾ, ನನ್ನ ಹತ್ರನಾದ್ರೂ ನಿಜ ಹೇಳು, ಒತ್ತಿದ್ಯಾ ಅಂತ. ಇಷ್ಟು ಜನ ಓದಿದೋರು ಇಲ್ಲ ಅಂದ್ಮೇಲೆ ನನಗೇ ಅನುಮಾನ ಬಂದಿತ್ತು. ಇಲ್ಲ ಕಣಮ್ಮ, ಗಾಬರೀಲಿ ಮರೆತುಬಿಟ್ಟೆ ಅಂದೆ. ಅವಳು ಎದ್ದು ಆ ಕೋಣೆಗೆ ಹೋದ್ಲು."

ನಿನ್ನೆ ಖಾನೆಯ ಕೀಲಿಕೈ ಇವನ ಜೇಬಿನಲ್ಲಿತ್ತು. ನಿನ್ನೆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕಾಫಿ ಸಕ್ಕರೆ ಜಾಸ್ತಿಯಾಯಿತೆಂದು ವಾಪಸು ಕಳಿಸಿದ್ದ. ಕ್ಷಮಿಸಿ ಎಂಬ ಪದ ನಾಲಗೆಯ ತುದಿಗೆ ಬಂತು, ಎಷ್ಟು ಚಿಕ್ಕದು, ಅರ್ಧ ಸೆಕೆಂಡೂ ಹಿಡಿಯದು. ಅದನ್ನು ನುಂಗಿಕೊಂಡ. ಮಗಳ ನಂಬರು ಕೇಳಿದ. ಗ್ಯಾಂಗ್‌ಮನ್ ಸ್ವಲ್ಪ ಹೊತ್ತು ಇವನ ಮುಖ ನೋಡಿ, ತನ್ನ ಹಳೆಯ ಫೋನನ್ನೇ ತೆಗೆದು, ಗುಂಡಿ ಒತ್ತಿ, ಇವನ ಕೈಗೆ ಕೊಟ್ಟು, ಮುಖ ಆ ಕಡೆ ತಿರುಗಿಸಿಕೊಂಡ. ಮನೆಗೆ ಹೋದೊಡನೆ ಹೆಂಡತಿಯನ್ನು ಕೂರಿಸಿಕೊಂಡು ಒಣಗಹಾಕಿದ ಬಟ್ಟೆಯಿಂದಲೇ ಶುರುಮಾಡು ಎನ್ನಬೇಕು, ಅಕ್ಕ ಇನ್ನೂ ಹೇಳುವ ಮನಸ್ಸಿನಲ್ಲಿದ್ದರೆ ಕೇಳಬೇಕು ಎಂದು ಮನಸ್ಸು ಎಲ್ಲೆಲ್ಲೋ ಹೋಗುತ್ತಿರುವಾಗ ಅತ್ತ ಕಡೆಯಿಂದ ಎಳೆಯ ದನಿ, "ಅಪ್ಪಾ, ಮುಗೀತಾ? ಏನಂದ್ರು?" ಎಂದಿತು.

"ಅಪ್ಪ ಅಲ್ಲಮ್ಮ" ಎಂದ. "ಅವರು ಇಲ್ಲೇ ಇದಾರೆ, ಪಕ್ಕದಲ್ಲೇ. ನಾನು ಆ ಪೆಟ್ಟಿಗೆ ಮಾಡಿದವನು."

ಆ ಕಡೆ ಸದ್ದಿರಲಿಲ್ಲ. ಅವಳು ಇಟ್ಟಳೇನೋ ಎಂದು ಇವನು ಫೋನನ್ನು ಕಿವಿಗೆ ಒತ್ತಿಕೊಂಡ. ಉಸಿರು ಕೇಳಿಸಿತು.

"ಒಂದು ವಿಷಯ ಹೇಳಬೇಕು. ಸ್ವಲ್ಪ ಉದ್ದ ಇದೆ, ಕೇಳ್ತೀಯಾ?"